ಇನ್ನೂರು ಆಹ್ವಾನಗಳ ಹುಡುಗ

ವಿಲ್ಟ್ ಚೇಂಬರ್ಲಿನ್ ಹೈಸ್ಕೂಲು ಮುಗಿಸಿದ 1955ರ ಬಗ್ಗೆ ಬರೆದವರೆಲ್ಲ ಒಂದು ಸಂಖ್ಯೆಯನ್ನು ತಪ್ಪದೆ ಹೇಳುತ್ತಾರೆ: ಇನ್ನೂರಕ್ಕೂ ಹೆಚ್ಚು ಕಾಲೇಜುಗಳು ಅವನನ್ನು ಕರೆದಿದ್ದವು. ಪತ್ರಿಕೆಗಳ ಬಾಯಲ್ಲಿ ಬೆಳೆದ ದುಂಡಗಿನ ಸಂಖ್ಯೆಗಳಲ್ಲಿ ಒಂದಿಷ್ಟು ಉಬ್ಬರ ಇದ್ದೇ ಇರುತ್ತದೆ, ಅದಿರಲಿ. ಅಮೆರಿಕದಲ್ಲಿ ಅದುವರೆಗೆ ಯಾವ ಶಾಲಾ ಬ್ಯಾಸ್ಕೆಟ್‌ಬಾಲ್ ಆಟಗಾರನ ಹಿಂದೆಯೂ ಇಷ್ಟು ಜನ ಬಿದ್ದಿರಲಿಲ್ಲ ಎಂಬ ಮಾತಿಗೆ ತಕರಾರಿಲ್ಲ. ತಕರಾರು ಇರುವುದು ಆ ಸಂಖ್ಯೆಯಿಂದ ಎಳೆಯುವ ತೀರ್ಮಾನದ ಬಗ್ಗೆ. ಫಿಲಡೆಲ್ಫಿಯಾದ ಬಡ ಮನೆಯ ಕಪ್ಪು ಹುಡುಗನೊಬ್ಬ ಹದಿನೆಂಟನೆಯ ವಯಸ್ಸಿಗೆ ಇಡೀ ದೇಶವನ್ನು ತನ್ನ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಬೇಕಾದವರನ್ನು ಆರಿಸಿಕೊಂಡ ಎಂದು ಆ ಕಥೆ ಹೇಳುತ್ತದೆ. ಅದರ ನಂತರದ ನಾಲ್ಕು ವರ್ಷಗಳಲ್ಲಿ ನಡೆದದ್ದನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನನಗೆ ಕಾಣುವುದು ಬೇರೆ. ಪುರಾಣದ ಸ್ವಯಂವರಗಳಲ್ಲಿ ಮಾಲೆ ಹಿಡಿದು ನಿಂತವಳು ಮಗಳಾದರೂ ಪಣ ಕಟ್ಟುವವನು ತಂದೆ. ಯಾರಿಗೆ ಮಾಲೆ ಬೀಳಬೇಕೆಂಬುದು ಮಂಟಪ ಕಟ್ಟುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ವಿಲ್ಟ್‌ನ ಸ್ಥಿತಿಯೂ ಹಾಗೆಯೇ ಇತ್ತು. ಯಾವ ಊರಿನಲ್ಲಿ ಓದಬೇಕೆಂಬುದನ್ನು ಮಾತ್ರ ಅವನ ಇಷ್ಟಕ್ಕೆ ಬಿಟ್ಟಿದ್ದರು. ಯಾವಾಗ ದುಡಿಯಬೇಕು, ಯಾರ ಕೈಕೆಳಗೆ ದುಡಿಯಬೇಕು, ಎಷ್ಟಕ್ಕೆ ದುಡಿಯಬೇಕು ಎಂಬುದನ್ನು ಬೇರೆಯವರು ನಿರ್ಧರಿಸಿ ಆಗಿತ್ತು.

ಮೊದಲು ಆಟದ ಮಾತು. 1936ರ ಆಗಸ್ಟ್ 21ರಂದು ಹುಟ್ಟಿದ ವಿಲ್ಟ್‌ಗೆ ಎಂಟು ಮಂದಿ ಒಡಹುಟ್ಟಿದವರು. ತಂದೆ ವೆಲ್ಡಿಂಗ್ ಮತ್ತಿತರ ಕೈಕೆಲಸಗಳಿಂದ ಸಂಸಾರ ನಡೆಸುತ್ತಿದ್ದರು, ತಾಯಿ ಮನೆಗೆಲಸಕ್ಕೆ ಹೋಗುತ್ತಿದ್ದರು. ಓವರ್‌ಬ್ರೂಕ್ ಹೈಸ್ಕೂಲಿಗೆ ಬರುವಷ್ಟರಲ್ಲಿ ಹುಡುಗ ಏಳು ಅಡಿಯ ಹತ್ತಿರ ಬೆಳೆದಿದ್ದ. ಮೂರು ಸೀಸನ್ನುಗಳಲ್ಲಿ ಶಾಲೆ 56 ಪಂದ್ಯ ಗೆದ್ದು ಮೂರರಲ್ಲಷ್ಟೇ ಸೋತಿತು. ಅವನೊಬ್ಬನೇ 2,200ಕ್ಕೂ ಹೆಚ್ಚು ಅಂಕ ಗಳಿಸಿದ. ಕೊನೆಯ ವರ್ಷ ರಾಕ್ಸ್‌ಬರೋ ಶಾಲೆಯ ಮೇಲೆ ಒಂದೇ ಪಂದ್ಯದಲ್ಲಿ 90. ಆ ಮೂರು ಸೋಲುಗಳಲ್ಲಿ ಒಂದನ್ನು ನೆನಪಿಟ್ಟುಕೊಳ್ಳಬೇಕು. 1953ರ ನಗರ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ವೆಸ್ಟ್ ಕ್ಯಾಥೊಲಿಕ್ ಶಾಲೆ ಅವನೊಬ್ಬನ ಸುತ್ತ ನಾಲ್ವರನ್ನು ನಿಲ್ಲಿಸಿ 54–42ರಿಂದ ಗೆದ್ದಿತು. ಅವನನ್ನು ಆಟದಲ್ಲಿ ಮೀರಿಸಲಾಗದಿದ್ದರೆ ಬೇಲಿ ಹಾಕಿ ಕೂಡಿಹಾಕಬಹುದು ಎಂಬ ಈ ಉಪಾಯ ನಾಲ್ಕು ವರ್ಷದ ನಂತರ ಇನ್ನೂ ದೊಡ್ಡ ಅಂಗಳದಲ್ಲಿ ಮರಳಿ ಬರಲಿತ್ತು.

ಪ್ರತಿಭೆಯನ್ನು ಗುರುತಿಸುವುದಕ್ಕೆ ಯಾರಿಗೂ ಕಷ್ಟವಾಗಲಿಲ್ಲ, ಅದನ್ನು ಕಟ್ಟಿಹಾಕುವುದು ಹೇಗೆಂಬುದೇ ಎಲ್ಲರ ಚಿಂತೆ. 1954ರ ಬೇಸಿಗೆಯಲ್ಲಿ ಅವನು ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿದ್ದ ಕುಚರ್ಸ್ ಎಂಬ ಹೋಟೆಲಿನಲ್ಲಿ ಅತಿಥಿಗಳ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ. ಹಗಲು ಪೆಟ್ಟಿಗೆ, ಸಂಜೆ ಬ್ಯಾಸ್ಕೆಟ್‌ಬಾಲ್. ಅಲ್ಲಿ ತಂಡವನ್ನು ತಿದ್ದುತ್ತಿದ್ದವರು ಬಾಸ್ಟನ್ ಸೆಲ್ಟಿಕ್ಸ್‌ನ ಕೋಚ್ ರೆಡ್ ಔರ್‌ಬ್ಯಾಕ್. 1953ರ ರಾಷ್ಟ್ರೀಯ ಕಾಲೇಜು ಟೂರ್ನಿಯ ಶ್ರೇಷ್ಠ ಆಟಗಾರನೆನಿಸಿಕೊಂಡ ಕ್ಯಾನ್ಸಸ್‌ನ ಬಿ. ಎಚ್. ಬಾರ್ನ್ ಎದುರು ಈ ಶಾಲಾ ಹುಡುಗನನ್ನು ಆಡಿಸಿದರು. ಹುಡುಗನೇ ಮೇಲುಗೈ ಸಾಧಿಸಿದ. ಔರ್‌ಬ್ಯಾಕ್ ಹುಡುಗನಿಗೆ ನ್ಯೂ ಇಂಗ್ಲೆಂಡಿನ ಯಾವುದಾದರೂ ಕಾಲೇಜಿಗೆ ಸೇರು ಎಂದು ದುಂಬಾಲು ಬಿದ್ದರು. ಆಗಿನ ವೃತ್ತಿಪರ ಲೀಗಾದ ಎನ್‌ಬಿಎಯಲ್ಲಿ ಪ್ರಾದೇಶಿಕ ಹಕ್ಕು ಎಂಬ ಪದ್ಧತಿಯಿತ್ತು: ತಂಡವೊಂದು ತನ್ನ ಊರಿನ ಸುತ್ತಲಿನ ಸುಮಾರು 50 ಮೈಲಿಯೊಳಗಿನ ಕಾಲೇಜಿನ ಆಟಗಾರನನ್ನು, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮೊದಲ ಸುತ್ತಿನ ಸರದಿಯನ್ನು ಬಿಟ್ಟುಕೊಟ್ಟು, ಉಳಿದವರಿಗಿಂತ ಮೊದಲೇ ತನ್ನವನೆಂದು ಹೇಳಿಕೊಳ್ಳಬಹುದಿತ್ತು. ಸ್ಥಳೀಯ ಹೀರೋಗಳು ಜನರನ್ನು ಸೇರಿಸುತ್ತಾರೆ, ಟಿಕೆಟ್ ಮಾರಾಟವಾಗುತ್ತದೆ ಎಂಬ ಲೆಕ್ಕ. ಹುಡುಗ ಬಾಸ್ಟನ್ ಬಳಿ ಓದಿದರೆ ಬಾಸ್ಟನ್ನಿನ ಪಾಲು. ಔರ್‌ಬ್ಯಾಕ್ ಕೊಟ್ಟ ಸಲಹೆಯಲ್ಲಿ ಓದಿನ ಮಾತು ಎಷ್ಟು ಇದ್ದೀತು!

ಫಿಲಡೆಲ್ಫಿಯಾ ವಾರಿಯರ್ಸ್ ಒಡೆಯ ಎಡ್ಡಿ ಗಾಟ್ಲೀಬ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಯೋಚಿಸಿದರು. ಕಾಲೇಜಿನವರೆಗೆ ಕಾಯುವುದೇಕೆ? ಹುಡುಗ ಬೆಳೆದದ್ದು ತಮ್ಮ ಊರಿನಲ್ಲಿ, ಆದ್ದರಿಂದ ಅವನು ಎಲ್ಲಿ ಓದಿದರೂ ತಮ್ಮವನೇ ಎಂದು ಲೀಗಿನೊಳಗೆ ವಾದಿಸಿ ಒಪ್ಪಿಸಿಕೊಂಡರು. ಕಾಲೇಜಿನ ಬದಲು ಹುಟ್ಟೂರಿನ ಆಧಾರದ ಮೇಲೆ ಪ್ರಾದೇಶಿಕ ಹಕ್ಕಿಗೆ ಒಳಗಾದ ಆಟಗಾರ ಎನ್‌ಬಿಎ ಚರಿತ್ರೆಯಲ್ಲಿ ಇವನೊಬ್ಬನೇ. ಅಂದರೆ ಒಬ್ಬನಿಗಾಗಿ ಒಂದು ನಿಯಮವೇ ಹುಟ್ಟಿತು. ಇದರ ಜೊತೆಗೆ ಇನ್ನೊಂದು ನಿಯಮ ಮೊದಲೇ ಇತ್ತು: ಶಾಲೆ ಮುಗಿಸಿ ನಾಲ್ಕು ವರ್ಷ ಕಳೆಯುವ ತನಕ ಯಾವನನ್ನೂ ಲೀಗಿಗೆ ಸೇರಿಸಿಕೊಳ್ಳುವಂತಿಲ್ಲ. ಕಾಲೇಜುಗಳ ಒಕ್ಕೂಟವಾದ ಎನ್‌ಸಿಎಎಯ ಹವ್ಯಾಸಿ ನಿಯಮ ಮೂರನೆಯದು: ಆ ನಾಲ್ಕು ವರ್ಷ ಆಡಬೇಕು, ಸಂಬಳ ಕೇಳಬಾರದು. ಹವ್ಯಾಸಿ ಎಂಬ ಪಟ್ಟ ಉಳಿಸಿಕೊಳ್ಳಲು ಪೆನ್ಸಿಲ್ವೇನಿಯಾದ ಅರೆವೃತ್ತಿಪರ ತಂಡವೊಂದರಲ್ಲಿ ಅವನು ಜಾರ್ಜ್ ಮಾರ್ಕಸ್ ಎಂಬ ಹೆಸರಿನಲ್ಲಿ ಆಡಬೇಕಾಯಿತು. ಏಳಡಿಯ ಹುಡುಗ ಸುಳ್ಳು ಹೆಸರಿನ ಹಿಂದೆ ಅಡಗಿಕೊಳ್ಳುವುದು ನಗೆ ತರಿಸುವ ಸಂಗತಿಯೇ, ಆದರೆ ತನ್ನ ಆಟಕ್ಕೆ ಬೆಲೆಯಿದೆ ಎಂದು ಗೊತ್ತಿದ್ದೂ ಅದನ್ನು ತನ್ನ ಹೆಸರಿನಲ್ಲಿ ಪಡೆಯಲಾಗದ ಸ್ಥಿತಿಗೆ ಇದಕ್ಕಿಂತ ಸಾಕ್ಷಿ ಬೇಡ.

ಇಷ್ಟೆಲ್ಲ ಬೀಗ ಹಾಕಿದ ಮೇಲೆ ಉಳಿದ ಆಯ್ಕೆಯ ಸುತ್ತಲೇ ಆ ಗದ್ದಲವೆಲ್ಲ ನಡೆಯಿತು. 1955ರ ಮೇ ತಿಂಗಳಲ್ಲಿ ಅವನು ಕ್ಯಾನ್ಸಸ್ ವಿಶ್ವವಿದ್ಯಾಲಯವನ್ನು ಆರಿಸಿಕೊಂಡ. ಕಾರಣವಾಗಿ ಹೆಚ್ಚಾಗಿ ಕೇಳಿಬರುವ ಹೆಸರು ಅಲ್ಲಿನ ಹಿರಿಯ ಕೋಚ್ ಫಾಗ್ ಆಲೆನ್. 1891ರಲ್ಲಿ ಈ ಆಟವನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಮುಂದೆ ಇದೇ ವಿಶ್ವವಿದ್ಯಾಲಯಕ್ಕೆ ಬಂದು ಮೊದಲ ಕೋಚ್ ಆದರು, ಆಲೆನ್ ಅವರ ಶಿಷ್ಯ. ಕ್ಯಾನ್ಸಸ್ 1952ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು, 1955ರ ಮಾರ್ಚಿನಲ್ಲಿ ಸುಮಾರು 17,000 ಜನ ಕೂರುವ, ಆಲೆನ್ ಅವರ ಹೆಸರಿನದೇ ಆದ ಹೊಸ ಕ್ರೀಡಾಂಗಣ ಅಲ್ಲಿ ತೆರೆಯಿತು. ಅಷ್ಟು ಕುರ್ಚಿಗಳನ್ನು ತುಂಬಿಸಬೇಕಿತ್ತು. ಆಲೆನ್ ಆಟದ ಮಾತಿನಷ್ಟೇ ಚಾಣಾಕ್ಷತೆಯಿಂದ ಜನಾಂಗದ ಪ್ರಶ್ನೆಯನ್ನೂ ಎದುರಿಸಿದರು: ಕ್ಯಾನ್ಸಸ್ ಸಿಟಿಯ ಕಪ್ಪು ಜನರ ಪತ್ರಿಕೆ 'ದ ಕಾಲ್'ನ ಡೌಡಲ್ ಡೇವಿಸ್, ಅಲ್ಲಿಯೇ ಓದಿ ಹೆಸರಾದ ಗಾಯಕಿ ಎಟ್ಟಾ ಮೋಟೆನ್ ಮೊದಲಾದವರನ್ನು ಹುಡುಗನ ಜೊತೆ ಮಾತಿಗೆ ಹಚ್ಚಿದರು. ಅದಾದ ಮರುವರ್ಷವೇ, ಎಪ್ಪತ್ತು ತುಂಬಿದವರು ನಿವೃತ್ತರಾಗಬೇಕೆಂಬ ನಿಯಮದಂತೆ, ಆಲೆನ್ ಹುದ್ದೆ ಬಿಡಬೇಕಾಯಿತು. ಆಗಿನ ನಿಯಮದಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲವಾದ್ದರಿಂದ, ಯಾರನ್ನು ನಂಬಿ ಬಂದನೋ ಅವರ ಕೈಕೆಳಗೆ ವಿಲ್ಟ್ ಮುಖ್ಯ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಇನ್ನೂರರಲ್ಲಿ ಒಂದನ್ನು ಆರಿಸುವಾಗ ಅವನಿಗೆ ಕೊಟ್ಟ ಮಾತಿಗೆ ಯಾರೂ ಬದ್ಧರಾಗಬೇಕಿರಲಿಲ್ಲ. ಅವನು ಮಾತ್ರ ಬದ್ಧನಾಗಿದ್ದ.

ಕ್ಯಾನ್ಸಸ್‌ನಲ್ಲಿ ಅವನಿಗೆ ದೊರೆತದ್ದೇನು ಎಂಬ ಪ್ರಶ್ನೆಗೆ ಪೂರ್ತಿ ಕಹಿಯಾದ ಉತ್ತರ ಕೊಡುವುದು ಅನ್ಯಾಯವಾದೀತು. ವಿಶ್ವವಿದ್ಯಾಲಯದ ರೇಡಿಯೋದಲ್ಲಿ ಸಂಗೀತದ ಕಾರ್ಯಕ್ರಮ ನಡೆಸುತ್ತಿದ್ದ, ಎತ್ತರ ಜಿಗಿತದಲ್ಲಿ ಪ್ರಶಸ್ತಿ ಗೆದ್ದ, ಗೆಳೆಯರ ಬಳಗ ಕಟ್ಟಿಕೊಂಡ. ಆದರೆ ಲಾರೆನ್ಸ್ ಊರು ಅವನಿಗೆ ಹೇಳಿದಂತಿರಲಿಲ್ಲ. 1854ರಲ್ಲಿ ಗುಲಾಮಗಿರಿಯ ವಿರೋಧಿಗಳೇ ಕಟ್ಟಿದ ಊರದು. ಶಾಲೆಗಳಲ್ಲಿ ಬಿಳಿಯರನ್ನೂ ಕಪ್ಪು ಮಕ್ಕಳನ್ನೂ ಬೇರ್ಪಡಿಸುವುದು ಸಂವಿಧಾನ ವಿರೋಧಿ ಎಂದು 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಬ್ರೌನ್ ಮೊಕದ್ದಮೆ ಹುಟ್ಟಿದ ಟೊಪೀಕಾ ಅಲ್ಲಿಂದ 40 ಕಿಲೋಮೀಟರ್. ಹಾಗಿದ್ದೂ ಲಾರೆನ್ಸಿನ ಎಷ್ಟೋ ಊಟದ ಮನೆಗಳಲ್ಲಿ ಕಪ್ಪು ಜನರಿಗೆ ಕೂರಲು ಜಾಗವಿರಲಿಲ್ಲ. ವಿಲ್ಟ್ ಹೋಗಿ ಕೂತ, ಊಟ ಬರುವ ತನಕ ಎದ್ದುಹೋಗಲಿಲ್ಲ. ಊರಿಗೆ ಬೇಕಾದ ತಾರೆಯನ್ನು ಹೊರಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ಕುಲಪತಿ ಫ್ರಾಂಕ್ಲಿನ್ ಮರ್ಫಿ ಈ ಅವಕಾಶವನ್ನು ಬಳಸಿಕೊಂಡು ವ್ಯಾಪಾರಿಗಳ ಮೇಲೆ ಒತ್ತಡ ತಂದರು. ಊರನ್ನು ತಾನೊಬ್ಬನೇ ಬದಲಿಸಿದೆ ಎಂದು ವಿಲ್ಟ್ ಮುಂದೆ ಹೇಳಿಕೊಂಡದ್ದು ಅವನ ಇತರ ಕೆಲವು ಮಾತುಗಳಂತೆ ಸ್ವಲ್ಪ ಹೆಚ್ಚಾಯಿತು. ಅವನಿಗಿಂತ ಮೊದಲೂ ಅಲ್ಲಿನ ವಿದ್ಯಾರ್ಥಿಗಳು ಹೋರಾಡಿದ್ದರು. ಆದರೂ ಒಂದು ಮಾತು ಉಳಿಯುತ್ತದೆ. ಪುಕ್ಕಟೆ ಆಡಲು ಕರೆತಂದ ಹುಡುಗನಿಂದ ವಿಶ್ವವಿದ್ಯಾಲಯ ಆಟವನ್ನಷ್ಟೇ ಪಡೆಯಲಿಲ್ಲ, ತಾನೇ ಎಂದೋ ಮಾಡಬೇಕಿದ್ದ ಸಮಾಜ ಸುಧಾರಣೆಯ ಕೆಲಸವನ್ನೂ ಮಾಡಿಸಿಕೊಂಡಿತು. 1957ರ ಮಾರ್ಚಿನಲ್ಲಿ ಟೂರ್ನಿಗೆಂದು ಡಲ್ಲಾಸಿಗೆ ಹೋದಾಗ ಊರಿನೊಳಗೆ ತಂಗುವಂತಿಲ್ಲದೆ ತಂಡ ಹೊರವಲಯದ ಗ್ರ್ಯಾಂಡ್ ಪ್ರೇರಿಯಲ್ಲಿ ಇಳಿದುಕೊಂಡಿತು. ಅಂಗಳದಲ್ಲಿ ವಿಲ್ಟ್ ಮತ್ತು ತಂಡದ ಇನ್ನೊಬ್ಬ ಕಪ್ಪು ಆಟಗಾರ ಮಾರಿಸ್ ಕಿಂಗ್ ಕೇಳಿಸಿಕೊಂಡ ಬೈಗುಳಗಳನ್ನು ಅಲ್ಲಿದ್ದವರು ದಾಖಲಿಸಿದ್ದಾರೆ.

ಕಾಲೇಜು ಆಟ ಅವನನ್ನು ಬೆಳೆಸಿತು, ಹದಿನೆಂಟರ ಹುಡುಗನನ್ನು ನೇರವಾಗಿ ವೃತ್ತಿಪರರ ನಡುವೆ ಬಿಟ್ಟಿದ್ದರೆ ಕೆಡುತ್ತಿದ್ದ ಎನ್ನುವವರಿದ್ದಾರೆ. ಸಾಮಾನ್ಯ ಆಟಗಾರನ ವಿಷಯದಲ್ಲಿ ಈ ಮಾತನ್ನು ನಾನೂ ಒಪ್ಪಿಯೇನು. ಇವನ ವಿಷಯದಲ್ಲಿ ಅಂಗಳದ ದಾಖಲೆಯೇ ಅದನ್ನು ಅಲ್ಲಗಳೆಯುತ್ತದೆ. 1955ರ ನವೆಂಬರಿನಲ್ಲಿ ಮೊದಲ ವರ್ಷದ ಹುಡುಗರ ತಂಡ ವಿಶ್ವವಿದ್ಯಾಲಯದ ಮುಖ್ಯ ತಂಡವನ್ನೇ 81–71ರಿಂದ ಸೋಲಿಸಿದಾಗ ಅವನ ಅಂಕ 42. 1956ರ ಡಿಸೆಂಬರ್ 3ರಂದು ನಾರ್ತ್‌ವೆಸ್ಟರ್ನ್ ವಿರುದ್ಧ ಮುಖ್ಯ ತಂಡದ ಮೊದಲ ಪಂದ್ಯದಲ್ಲಿ 52 ಅಂಕ, 31 ರೀಬೌಂಡ್. ಕಲಿಯುವುದಕ್ಕೆ ಅಲ್ಲಿ ಇನ್ನೇನು ಉಳಿದಿತ್ತು? ಎದುರಾಳಿಗಳು ಆಮೇಲೆ ಮಾಡಿದ್ದು ಅವನನ್ನು ಆಡದಂತೆ ಮಾಡುವುದು. ಎನ್‌ಬಿಎ 1954ರಲ್ಲೇ ಪ್ರತಿ ತಂಡ 24 ಸೆಕೆಂಡಿನೊಳಗೆ ಚೆಂಡನ್ನು ಬುಟ್ಟಿಗೆ ಎಸೆಯಬೇಕೆಂಬ ಗಡಿಯಾರ ತಂದಿತ್ತು, ಕಾಲೇಜು ಆಟದಲ್ಲಿ ಅದಿರಲಿಲ್ಲ. ಚೆಂಡನ್ನು ನಿಮಿಷಗಟ್ಟಲೆ ತಮ್ಮತಮ್ಮಲ್ಲೇ ದಾಟಿಸುತ್ತ ಕಾಲ ಕಳೆಯಬಹುದಿತ್ತು. 1957ರ ಜನವರಿಯಲ್ಲಿ ಅಯೋವಾ ಸ್ಟೇಟ್ ಹೀಗೆಯೇ 39–37ರಿಂದ ಗೆದ್ದಿತು. ಅದು ಬ್ಯಾಸ್ಕೆಟ್‌ಬಾಲಿನ ಅಂಕಪಟ್ಟಿಯೇ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ.

ಅದೇ ವರ್ಷದ ಮಾರ್ಚ್ 23ರ ರಾತ್ರಿ ಕ್ಯಾನ್ಸಸ್ ಸಿಟಿಯಲ್ಲಿ ನಡೆದ ರಾಷ್ಟ್ರೀಯ ಫೈನಲ್ ಈ ತಂತ್ರದ ಶಿಖರ. ಎದುರಾಳಿ ನಾರ್ತ್ ಕ್ಯಾರೊಲಿನಾ ಆ ಸೀಸನ್ನಿನಲ್ಲಿ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಆಟ ಆರಂಭವಾಗುವಾಗ ಚೆಂಡು ಮೇಲೆಸೆದಾಗ ಜಿಗಿಯಲು ಅದರ ಕೋಚ್ ಫ್ರಾಂಕ್ ಮೆಕ್‌ಗ್ವೈರ್ ಕಳಿಸಿದ್ದು ತಂಡದ ಗಿಡ್ಡನೆಯ ಆಟಗಾರ, ಆರಡಿಯೂ ಇಲ್ಲದ ಟಾಮಿ ಕರ್ನ್ಸ್‌ನನ್ನು. ಚೆಂಡು ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಎದುರಿನ ದೈತ್ಯನ ಎತ್ತರವನ್ನೇ ಹಾಸ್ಯ ಮಾಡುವುದು ಉದ್ದೇಶ. ಆಮೇಲೆ ವಿಲ್ಟ್‌ನ ಹಿಂದೆ ಒಬ್ಬ, ಮುಂದೆ ಒಬ್ಬ, ಪಕ್ಕಕ್ಕೆ ಇನ್ನೊಬ್ಬ. ನಿಗದಿತ ಸಮಯ ಮುಗಿದಾಗ 46–46. ಮೊದಲ ಹೆಚ್ಚುವರಿ ಅವಧಿಯಲ್ಲಿ ಎರಡೂ ತಂಡಕ್ಕೆ ಎರಡೆರಡು ಅಂಕ, ಎರಡನೆಯದರಲ್ಲಿ ಯಾರಿಗೂ ಒಂದೂ ಇಲ್ಲ. ಮೂರನೆಯದರ ಕೊನೆಯ ಸೆಕೆಂಡುಗಳಲ್ಲಿ ಜೋ ಕ್ವಿಗ್ ಎರಡು ಫ್ರೀ ಥ್ರೋ ಹಾಕಿ 54–53 ಮಾಡಿದ. ವಿಲ್ಟ್‌ಗೆಂದು ಎಸೆದ ಕೊನೆಯ ಚೆಂಡು ಅವನ ಕೈ ಸೇರಲಿಲ್ಲ. 23 ಅಂಕ, 14 ರೀಬೌಂಡ್ ಗಳಿಸಿ ಟೂರ್ನಿಯ ಶ್ರೇಷ್ಠ ಆಟಗಾರನೆನಿಸಿಕೊಂಡರೂ ಸೋತವನು ಎಂಬ ಹಣೆಪಟ್ಟಿ ಆ ರಾತ್ರಿ ಅಂಟಿದ್ದು ದಶಕಗಳ ಕಾಲ ಬಿಡಲಿಲ್ಲ. ಮುಂದಿನ ವರ್ಷ ಸರಾಸರಿ 30 ಅಂಕ ಗಳಿಸಿದರೂ ಕ್ಯಾನ್ಸಸ್ ಟೂರ್ನಿಗೇ ಅರ್ಹತೆ ಪಡೆಯಲಿಲ್ಲ. ಮೂವರ ನಡುವೆ ಸಿಕ್ಕಿಕೊಂಡು ಆಡುವ ಆಟದಿಂದ ತನ್ನ ಕಲೆ ಮೊಂಡಾಗುತ್ತಿದೆ ಎಂದು ಅವನು ದೂರಿದ್ದರಲ್ಲಿ ಅಹಂಕಾರಕ್ಕಿಂತ ವೃತ್ತಿಜ್ಞಾನ ಹೆಚ್ಚಾಗಿತ್ತು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅವನಿಗೆ ಗುಟ್ಟಾಗಿ ಹಣ ಬರುತ್ತಿತ್ತಲ್ಲ, ಮತ್ತೆ ಎಲ್ಲಿಯ ಶೋಷಣೆ? ನಿಜ, ಬರುತ್ತಿತ್ತು. ವಿಶ್ವವಿದ್ಯಾಲಯದ ಅಭಿಮಾನಿ ಶ್ರೀಮಂತರು ಅವನ ಖರ್ಚು ನೋಡಿಕೊಂಡರು. ಅವರ ನೆರವಿನಿಂದ ಬಂತೆನ್ನಲಾದ ಅವನ ಕಾರಿನ ವಿಚಾರಣೆ ನಡೆಸಿದ ಎನ್‌ಸಿಎಎ 1960ರಲ್ಲಿ ಕ್ಯಾನ್ಸಸ್‌ಗೆ ಶಿಕ್ಷೆ ವಿಧಿಸಿತು. ಹಣ ಪಡೆದದ್ದನ್ನು ಅವನೇ ಮುಂದೆ ಒಪ್ಪಿಕೊಂಡ. ಆದರೆ ಗುಟ್ಟಿನ ಹಣ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡಿಸುವುದಿಲ್ಲ. ಬೆಲೆ ಇತ್ತೆಂಬುದು ಎಲ್ಲರಿಗೂ ಗೊತ್ತಿತ್ತು; ಅದನ್ನು ಬಾಯಿಬಿಟ್ಟು ಹೇಳುವ ಹಕ್ಕು ಮಾತ್ರ ಆಟಗಾರನಿಗೆ ಇರಲಿಲ್ಲ. ಕರಾರಿಲ್ಲದೆ ಬರುವ ಹಣ ಕೊಟ್ಟವನ ದಯೆ. ನಿಂತರೆ ಕೇಳುವಂತಿಲ್ಲ, ಬಯಲಾದರೆ ಕಳಂಕ ಪಡೆದವನಿಗೆ. 17,000 ಕುರ್ಚಿಗಳ ಟಿಕೆಟ್ ಹಣವನ್ನು ಹಗಲಿನಲ್ಲೇ ಎಣಿಸುತ್ತಿದ್ದವರ ಮೇಲೆ ಆ ಕಳಂಕ ಬೀಳಲಿಲ್ಲ. ವಿದ್ಯಾರ್ಥಿವೇತನವೇ ಸಂಬಳವಲ್ಲವೇ ಎಂದರೆ, ಬಡತನವನ್ನು ನೋಡದೆ ಆಟದ ಆಧಾರದ ಮೇಲೆಯೇ ಪೂರ್ಣ ವಿದ್ಯಾರ್ಥಿವೇತನ ಕೊಡಬಹುದೆಂದು ಎನ್‌ಸಿಎಎ ಒಪ್ಪಿಕೊಂಡದ್ದೇ 1956ರಲ್ಲಿ. ಆಟವನ್ನು ಕೊಳ್ಳುತ್ತಿದ್ದೇವೆ ಎಂದು ಒಪ್ಪಿದರೂ ಅದರ ದರವನ್ನು ಎಲ್ಲ ಕಾಲೇಜುಗಳೂ ಕೂಡಿ ಒಂದೇ ಮಟ್ಟಕ್ಕೆ ಕಟ್ಟಿದವು. ಇನ್ನೂರು ಕೊಳ್ಳುವವರು ಒಂದೇ ಬೆಲೆ ಹೇಳುವ ಕಡೆ ಇನ್ನೂರು ಎಂಬ ಸಂಖ್ಯೆಗೆ ಏನು ಅರ್ಥ?

ಆ ಬೆಲೆ ನಿಜಕ್ಕೂ ಎಷ್ಟಿತ್ತೆಂದು 1958ರಲ್ಲಿ ತಿಳಿಯಿತು. ಪದವಿ ಮುಗಿಸದೆ ಹೊರಟ ವಿಲ್ಟ್ ತಾನೇಕೆ ಕಾಲೇಜು ಬಿಡುತ್ತಿದ್ದೇನೆ ಎಂಬ ಕಥೆಯನ್ನು 'ಲುಕ್' ಪತ್ರಿಕೆಗೆ 10,000 ಡಾಲರಿಗೆ ಮಾರಿದ. ನಾಲ್ಕು ವರ್ಷದ ನಿಯಮದಿಂದಾಗಿ ಎನ್‌ಬಿಎ ಇನ್ನೂ ಒಂದು ವರ್ಷ ಮುಚ್ಚಿತ್ತು. ಆ ಕೂಟದ ಹೊರಗಿದ್ದ ಒಂದೇ ದೊಡ್ಡ ಸಂಸ್ಥೆಯೆಂದರೆ ಏಬ್ ಸೇಪರ್‌ಸ್ಟೀನ್ ಅವರ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್, ಆಟದ ಜೊತೆ ಹಾಸ್ಯ ಬೆರೆಸಿ ಊರೂರು ಸುತ್ತುವ ಕಪ್ಪು ಆಟಗಾರರ ತಂಡ. ಅದು ಅವನಿಗೆ ಕೊಟ್ಟದ್ದು 50,000 ಡಾಲರಿನ ಆಸುಪಾಸು ಎಂದು ಆಗಿನ ವರದಿಗಳು ಹೇಳುತ್ತವೆ. ಎನ್‌ಬಿಎಯ ಅತ್ಯುನ್ನತ ತಾರೆ ಬಾಬ್ ಕೂಸಿಯ ಸಂಬಳ ಆಗ 25,000. ಮರುವರ್ಷ ವಾರಿಯರ್ಸ್ ಸೇರಿದಾಗ ವಿಲ್ಟ್‌ಗೆ ದೊರೆತದ್ದು 30,000 ಡಾಲರ್. ಅದು ಲೀಗಿನಲ್ಲೇ ಅತಿ ಹೆಚ್ಚು ಸಂಬಳವಾಗಿತ್ತೆಂದು ಹೊಗಳುತ್ತಾರೆ. ಒಂದು ವರ್ಷದ ಹಿಂದೆ ಪೈಪೋಟಿಯಿದ್ದ ಕಡೆ ಸಿಕ್ಕದ್ದಕ್ಕಿಂತ ಬಹಳ ಕಡಿಮೆಯೆಂಬುದನ್ನು ಹೇಳುವುದಿಲ್ಲ. ಆ ಮೊದಲ ಸೀಸನ್ನಿನಲ್ಲಿ ಪಂದ್ಯಕ್ಕೆ ಸರಾಸರಿ 37.6 ಅಂಕ, 27 ರೀಬೌಂಡ್. ಹೊಸಬರಲ್ಲಿ ಶ್ರೇಷ್ಠ ಮತ್ತು ಇಡೀ ಲೀಗಿನ ಶ್ರೇಷ್ಠ ಎಂಬ ಎರಡೂ ಪ್ರಶಸ್ತಿ. ನಾಲ್ಕು ವರ್ಷ ಕಾಯಿಸಿದ್ದು ಅವನು ಮಾಗಲಿ ಎಂದಲ್ಲ ಎಂಬುದಕ್ಕೆ ಇಷ್ಟು ಸಾಕು.

ಗಾಟ್ಲೀಬ್ ಅಂಥವರ ಪರವಾಗಿಯೂ ಮಾತಾಡಬೇಕು, ಅವರು ಖಳನಾಯಕರಲ್ಲ. 1955ರ ಎನ್‌ಬಿಎ ಎಂಟು ತಂಡಗಳ ಬಡಕಲು ಲೀಗು. ಹಿಂದಿನ ವರ್ಷವಷ್ಟೇ ಬಾಲ್ಟಿಮೋರ್ ತಂಡ ಸೀಸನ್ನಿನ ನಡುವೆ ಮುಚ್ಚಿಹೋಗಿತ್ತು. ಕಾಲೇಜು ಆಟದ ಜನಪ್ರಿಯತೆಯೇ ಹೆಚ್ಚು; ಅದು ಬೆಳೆಸಿಕೊಟ್ಟ ಹೆಸರುಗಳಿಂದಲೇ ವೃತ್ತಿಪರ ಲೀಗು ಟಿಕೆಟ್ ಮಾರಬೇಕಿತ್ತು. ಹರಾಜಿನಂತೆ ಬೆಲೆ ಏರಿದ್ದರೆ ಸಣ್ಣ ಊರಿನ ತಂಡಗಳು ಉಳಿಯುತ್ತಿರಲಿಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ಲೀಗಿನ ಬಡತನದ ಭಾರವನ್ನು ಯಾರು ಹೊರಬೇಕು ಎಂಬುದು ಬೇರೆ ಪ್ರಶ್ನೆ. ಗಾಟ್ಲೀಬ್ 1952ರಲ್ಲಿ ಇಡೀ ವಾರಿಯರ್ಸ್ ತಂಡವನ್ನು ಕೊಂಡದ್ದು 25,000 ಡಾಲರಿಗೆ. ಹತ್ತು ವರ್ಷದ ನಂತರ, 1962ರಲ್ಲಿ, ವಿಲ್ಟ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ ವರ್ಷವೇ, ಸ್ಯಾನ್ ಫ್ರಾನ್ಸಿಸ್ಕೋದವರಿಗೆ ಮಾರಿದ್ದು 8,50,000ಕ್ಕೆ. ಏರಿಕೆಯೆಲ್ಲವೂ ಒಬ್ಬನಿಂದ ಬಂದದ್ದಲ್ಲ. ಆದರೂ ಆ ಒಬ್ಬನನ್ನು 1955ರಲ್ಲೇ ತಮ್ಮವನೆಂದು ಬರೆಸಿಕೊಳ್ಳದಿದ್ದರೆ ಅಷ್ಟು ಬರುತ್ತಿತ್ತೆಂದು ನಂಬುವುದು ಕಷ್ಟ. ನಷ್ಟದ ಭಯವನ್ನು ಹುಡುಗನಿಗೆ ಹಂಚಿದವರು ಲಾಭವನ್ನು ಹಂಚಲಿಲ್ಲ.

ಕೊನೆಗೂ ಅವನು ಶ್ರೀಮಂತನಾದ, ಮರುಕ ಏಕೆ ಎಂದು ಕೇಳಬಹುದು. ನಾನು ಮರುಕಪಡುತ್ತಿಲ್ಲ. ದೇಶದಲ್ಲೇ ಅತಿ ಹೆಚ್ಚು ಚೌಕಾಸಿ ಬಲವಿದ್ದವನ ಗತಿ ಇದಾದರೆ ಅಷ್ಟು ಬಲವಿಲ್ಲದವರಿಗೆ ಏನಾಗುತ್ತಿತ್ತು ಎಂದು ನೋಡುವುದೇ ಇದರ ಉಪಯೋಗ. ಆ ಉತ್ತರ ಬೇಗನೆ ಬಂತು. ಬ್ರೂಕ್ಲಿನ್ನಿನ ಕಾನಿ ಹಾಕಿನ್ಸ್ ವಿಲ್ಟ್‌ನಂತೆಯೇ ಕಾಲೇಜುಗಳು ಮುಗಿಬಿದ್ದ ಹುಡುಗ. 1961ರಲ್ಲಿ ಬೆಟ್ಟಿಂಗ್ ಹಗರಣವೊಂದರಲ್ಲಿ ಅವನ ಹೆಸರು ತೇಲಿಬಂತು. ಯಾವ ಆರೋಪವೂ ದಾಖಲಾಗಲಿಲ್ಲ, ಆದರೂ ಅಯೋವಾ ವಿಶ್ವವಿದ್ಯಾಲಯದಿಂದ ಹೊರಬಿದ್ದ, ಎನ್‌ಬಿಎ ಬಾಗಿಲು ಹಾಕಿತು. ಅವನೂ ಗ್ಲೋಬ್‌ಟ್ರಾಟರ್ಸ್ ಜೊತೆ ಊರೂರು ಸುತ್ತಿದ. ಎಂಟು ವರ್ಷ ಕಳೆದು, ಮೊಕದ್ದಮೆ ಹೂಡಿ, 1969ರಲ್ಲಿ ರಾಜಿಯಾದ ಮೇಲೆ ಲೀಗಿನೊಳಗೆ ಕಾಲಿಟ್ಟ. ನಾಲ್ಕು ವರ್ಷದ ನಿಯಮವನ್ನು ಮುರಿದದ್ದು ಸ್ಪೆನ್ಸರ್ ಹೇವುಡ್. 1971ರಲ್ಲಿ ಸುಪ್ರೀಂ ಕೋರ್ಟಿನ ವರೆಗೆ ಹೋಗಿ ಗೆದ್ದ.

ಆದರೆ ಕೋರ್ಟಿಗಿಂತ ಮೊದಲೇ ಇನ್ನೊಂದು ಬಂದಿತ್ತು: 1967ರಲ್ಲಿ ಹುಟ್ಟಿದ ಪ್ರತಿಸ್ಪರ್ಧಿ ಲೀಗು ಎಬಿಎ. ಎನ್‌ಬಿಎಗಿಂತ ಮೊದಲು ಹಾಕಿನ್ಸ್‌ಗೆ, ಹೇವುಡ್‌ಗೆ ಸಂಬಳ ಕೊಟ್ಟದ್ದು ಅದೇ. 1974ರಲ್ಲಿ ವರ್ಜೀನಿಯಾದ ಪೀಟರ್ಸ್‌ಬರ್ಗಿನ ಮೋಸೆಸ್ ಮಲೋನ್ ಎಂಬ ಹುಡುಗನ ಹಿಂದೆಯೂ ನೂರಾರು ಕಾಲೇಜುಗಳು ಬಿದ್ದವು. ಅವನು ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಬರುತ್ತೇನೆಂದು ಸಹಿಯನ್ನೂ ಹಾಕಿದ್ದ. ಎಬಿಎಯ ಯೂಟಾ ಸ್ಟಾರ್ಸ್ ಕರೆದಾಗ ಅಲ್ಲಿಗೆ ಹೋದ, ಶಾಲೆಯಿಂದ ನೇರವಾಗಿ. ಮರುವರ್ಷ ಎನ್‌ಬಿಎಯೂ ಡ್ಯಾರಿಲ್ ಡಾಕಿನ್ಸ್ ಮತ್ತು ಬಿಲ್ ವಿಲೊಬಿ ಎಂಬ ಇಬ್ಬರು ಶಾಲಾ ಹುಡುಗರನ್ನು ತೆಗೆದುಕೊಂಡಿತು. 1976ರಲ್ಲಿ ಎಬಿಎ ಮುಚ್ಚಿ ಅದರ ನಾಲ್ಕು ತಂಡಗಳು ಎನ್‌ಬಿಎಯಲ್ಲಿ ಸೇರಿಹೋದವು. ಕೋರ್ಟಿನ ತೀರ್ಪು ಜಾರಿಯಲ್ಲೇ ಇತ್ತು, ಪ್ರತಿಭಾವಂತರೂ ಹುಟ್ಟುತ್ತಲೇ ಇದ್ದರು. ಆದರೂ ಶಾಲೆಯಿಂದ ನೇರವಾಗಿ ಎನ್‌ಬಿಎ ಆರಿಸಿಕೊಂಡ ಮುಂದಿನ ಹುಡುಗ ಕೆವಿನ್ ಗಾರ್ನೆಟ್ ಬಂದದ್ದು 1995ರಲ್ಲಿ. ಅವನ ಹಿಂದೆ ಕೋಬಿ ಬ್ರಯಂಟ್, ಲೆಬ್ರಾನ್ ಜೇಮ್ಸ್ ಬಂದರು, ಹತ್ತು ವರ್ಷ ಬಾಗಿಲು ತೆರೆದಿತ್ತು. 2005ರ ಒಪ್ಪಂದದಲ್ಲಿ ಹತ್ತೊಂಬತ್ತು ವರ್ಷ ತುಂಬಬೇಕು, ಶಾಲೆ ಮುಗಿಸಿ ಒಂದು ವರ್ಷ ಕಳೆಯಬೇಕು ಎಂದು ಲೀಗು ಮತ್ತೆ ಅಗಳಿ ಹಾಕಿತು.